ಲಗಮಣ್ಣನ ಪಾಲಿನ ಹೋರಿ

ಲಗಮಣ್ಣನನ್ನು ಬರೀ ಬಡವ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಜುಗೂಳದ ಹತ್ತಿರ, ಕೃಷ್ಣೆಯ ದಂಡೆಗೆ, ಅವನಿಗೆ ಎರಡು ಎಕರೆ ಎರೆಹೊಲವಿತ್ತು. ಇಲ್ಲದ್ದು ಜೋಡೆತ್ತು. ಇದ್ದದ್ದು ಒಂದೇ ಮುದಿ ಎತ್ತು. ಊರ ಜಮೀನುದಾರ ದೇಸಾಯರ ವಾಡೆಯ ಬಿತ್ತನೆ ಮುಗಿಯುವ ತನಕ ಕಾಯ್ದು, ಅವರ ಎತ್ತು ಬೇಡಿ ತಂದು ಬಿತ್ತುವಷ್ಟರಲ್ಲಿ ನೆಲದ ಹದವೇ ಆರಿರುತ್ತಿತ್ತು. ಅದರ ಋಣಕ್ಕೆ ಹೆಂಡತಿ ರುಕ್ಮವ್ವ ವರ್ಷವಿಡೀ ವಾಡೆಯ ಸಗಣಿ ಬಳಿಯಬೇಕು. ಅವನಪ್ಪ, ಅವನಜ್ಜ, ಎಲ್ಲರೂ ಹೀಗೇ ಸವೆದರು.

ಒಮ್ಮೆ ವಾಡೆಯ ಆಕಳೊಂದು ಕರು ಹಾಕಿ ಸತ್ತಿತು. ದೇಸಾಯಿ ಕಾಕಾಸಾಹೇಬರು ಆ ಬಡಕಲು ಹೋರಿಗರುವನ್ನು ಲಗಮಣ್ಣನಿಗೆ ಪಾಲಿಗೆ ಕೊಟ್ಟರು. ಪಾಲಿಗೆ ಅಂದರೆ, ಸಾಕುವವನು ಬಡವ. ದೊಡ್ಡದಾದ ಮೇಲೆ ಅರ್ಧ ಅವನದು, ಅರ್ಧ ಕೊಟ್ಟವರದು. ರುಕ್ಮವ್ವ ತಾನು ಉಪವಾಸ ಬಿದ್ದು ಅದಕ್ಕೆ ಗಂಜಿ ಕುಡಿಸಿದಳು. ಸರ್ಜಾ ಎಂದು ಹೆಸರಿಟ್ಟಳು. ನಾಲ್ಕು ವರ್ಷಕ್ಕೆ ಅದು ಬಾಗಿಲಿಗೆ ಅಡ್ಡ ನಿಂತರೆ ಮನೆಯೇ ಕಾಣುತ್ತಿರಲಿಲ್ಲ.

"ಈ ಮುಂಗಾರಿಗೆ ಸರ್ಜಾನ ಹೂಡತೀನಿ ಮಾವ. ಆರು ತಿಂಗಳ ವಾಡೇಕ್ಕ, ಆರು ತಿಂಗಳ ನನಗ. ಇನ್ನ ಯಾರ ಬಾಗಲಾಗೂ ನಿಲ್ಲಾಂಗಿಲ್ಲ," ಎಂದು ಲಗಮಣ್ಣ ನನ್ನ ಕಟ್ಟೆಯ ಮೇಲೆ ಕೂತು ಹೇಳಿದ್ದ.

ಅದು ೧೯೮೭ರ ಕಾರಹುಣ್ಣಿಮೆ. ಊರ ಅಗಸಿ ಬಾಗಿಲಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟಿದ್ದರು. ಅದೇ ಕರಿ. ದೇಸಾಯರ ಎತ್ತು ಓಡಿ ಬಂದು ಅದನ್ನು ಮೊದಲು ಹರಿಯಬೇಕು, ಆಮೇಲೆ ಊರವರ ಎತ್ತು. ಅದು ವಾಡೆಯ ತಲೆಮಾರುಗಳ ಮಾನ. ಲಗಮಣ್ಣನ ಹುಚ್ಚು ನೋಡಿ! ಸರ್ಜಾನ ಕೋಡಿಗೆ ಬಣ್ಣ ಬಳಿದು ಮುಂದಿನ ಸಾಲಿಗೇ ತಂದು ನಿಲ್ಲಿಸಿದ.

"ಹಿಂದ ಸರಿಯೋ, ಮಗನ!" ಎಂದೆ.

"ಅರ್ಧಾ ವಾಡೇದ ಐತಲ್ಲ ಮಾವ. ಇದು ಹರದ್ರೂ ಮಾನ ಅವರಿಗೇ ಹೋಗತೈತಿ."

ಹಲಗೆ ಬಡಿದದ್ದೇ ತಡ, ಸರ್ಜಾ ಅವನ ಕೈಯ ಹಗ್ಗ ಕಿತ್ತುಕೊಂಡು ಓಡಿ ಕರಿ ಹರಿದುಬಿಟ್ಟಿತು. ಊರ ಹುಡುಗರು ಲಗಮಣ್ಣನ ಹೆಸರು ಹಿಡಿದು ಕೇಕೆ ಹಾಕಿದರು. ಆ ಕೇಕೆಯೇ ಮುಳುವಾಯಿತು. ದೇಸಾಯರ ಮಗ ಬಾಳಾಸಾಬ ಕಬ್ಬು ಕಡಿಯುವ ಕೊಯ್ತಾ ಹಿಡಿದು ಬಂದ.

"ಅರ್ಧಾ ನಮ್ಮದಲ್ಲೇನಲೇ?" ಎಂದು ಹೋರಿಯ ಹಿಂಗಾಲಿಗೆ ಬೀಸಿದ. "ಹಿಂದಿನ ಅರ್ಧಾ ನಮ್ಮದು! ಮುಂದಿಂದು ನೀ ಇಟ್ಕೋ!" ಎಂದು ಇನ್ನೊಂದು ಕಾಲಿಗೂ ಬೀಸಿದ.

ನರ ಕಡಿದು ಹೋರಿ ಹಿಂದೆ ಕುಸಿಯಿತು. ಮುಂಗಾಲಿನ ಮೇಲೆ ತೆವಳುತ್ತ, ಒದರುತ್ತ, ಲಗಮಣ್ಣನ ಕಡೆಗೇ ಬಂತು. ಅಯ್ಯೋ ಶಿವನೇ, ಆ ದನಿ! ಲಗಮಣ್ಣ ಬಾಳಾಸಾಬನ ಕುತ್ತಿಗೆಗೆ ಕೈ ಹಾಕಿದ. ವಾಡೆಯ ಆಳುಗಳು ಬಡಿಗೆಯಿಂದ ಅವನ ಬಲಗೈ ಮುರಿದರು, ಕೆಡವಿ ಬಾಯಿಗೆ ಒದ್ದರು. ಹಲ್ಲು ಉದುರಿದವು. ನಾನೂ ನನ್ನ ತಮ್ಮನೂ ನಡುವೆ ಬಿದ್ದು, ಏಟು ತಿಂದು ಅವನನ್ನು ಎಳೆದುಕೊಂಡೆವು. ಸಂಜೆಯೊಳಗೆ ರಕ್ತ ಬಸಿದು ಸರ್ಜಾ ಸತ್ತಿತು.

ಎರಡು ದಿನ ಬಿಟ್ಟು ಚಾವಡಿಯಲ್ಲಿ ಪಂಚರು ಕೂಡಿದರು. ಕಾಕಾಸಾಹೇಬರು ಮಗನಿಗೆ ಒಂದು ಮಾತೂ ಅನ್ನಲಿಲ್ಲ. ಇನ್ನೊಂದು ಕರು ತರಿಸಿದರು.

"ಆಗಿದ್ದ ಆಗಿ ಹೋತು. ಇದನ್ನ ಪಾಲಿಗೆ ಒಯ್ಯೋ ಲಗಮಾ."

"ಸರಕಾರದ್ದು ದೊಡ್ಡ ಮನಸ," ಎಂದರು ಪಂಚರು, ದೇಸಾಯರಿಗೆ ಕೈ ಮುಗಿದು. ದೊಡ್ಡ ಮನಸ್ಸಂತೆ, ಥೂ!

ಲಗಮಣ್ಣ ಎದ್ದ. ಎಡಗೈಯಿಂದ ಕರುವನ್ನು ಎಳೆದು ತಂದು ಅದರ ಹಗ್ಗವನ್ನು ಕಾಕಾಸಾಹೇಬರ ಮುಂದೆ ಇಟ್ಟ.

"ಈ ಸಲ ನೀವ ಸಾಕ್ರಿ ಸರಕಾರ. ದೊಡ್ಡದಾದ ಮ್ಯಾಲ ನನಗ ಅರ್ಧಾ ಕೊಡ್ರಿ."

ಬಾಳಾಸಾಬ ಹಾರಿ ಬಂದು ಅವನ ಮುರಿದ ಕೈಯ ಮೇಲೇ ಒದ್ದ. ಲಗಮಣ್ಣ ಬಿದ್ದ, ಗೋಡೆ ಹಿಡಿದು ಎದ್ದ, ರಕ್ತ ಉಗುಳಿ, "ನೀವ ಸಾಕ್ರಿ," ಎಂದ. ಅವನು ಮತ್ತೆ ಒದ್ದ. ಇವನು ಮತ್ತೆ ಎದ್ದ. ಕಡೆಗೆ ಮಗನ ರಟ್ಟೆ ಹಿಡಿದು ತಡೆದವರು ಕಾಕಾಸಾಹೇಬರೇ. ಅವರ ಮುಖದಲ್ಲಿ ನಾನು ಅಂಜಿಕೆ ಕಂಡದ್ದು ಅವತ್ತೇ ಮೊದಲು.

ಮರುದಿನದಿಂದ ರುಕ್ಮವ್ವ ವಾಡೆಗೆ ಹೋಗಲಿಲ್ಲ. ಮಳೆ ಬಿದ್ದಾಗ ಮುದಿ ಎತ್ತಿನ ಪಕ್ಕದಲ್ಲಿ ನೊಗಕ್ಕೆ ತಾನೇ ಹೆಗಲು ಕೊಟ್ಟಳು. ನಾನು ಎಳೆಯುತ್ತೇನೆ ಎಂದರೆ ಕೇಳಲಿಲ್ಲ.

"ನೀವು ಕೂರಿಗ್ಯಾಗ ಬೀಜಾ ಬಿಡ್ರಿ ಮಾವ. ಹೊಲ ನಮ್ಮದು."

ಲಗಮಣ್ಣ ಒಂದೇ ಕೈಯಲ್ಲಿ ಬಿತ್ತುವ ಕೂರಿಗೆ ಹಿಡಿದ. ಅವಳ ಹೆಗಲ ತೊಗಲು ಸುಲಿದು ಕುಪ್ಪಸ ಕೆಂಪಾಯಿತು. ಆ ವರ್ಷ ಹದ ಇದ್ದಾಗಲೇ ಬಿತ್ತಿದೆವು.