ಕೊಸರಿನ ಲೆಕ್ಕ

ಹನ್ನೊಂದು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಕೂಡಿಸುವ ಲೆಕ್ಕ ಕಲಿಸಿದ ನಾನು ಇವತ್ತಿಗೂ ಬೆರಳು ಮಡಚದೆ ಏಳಕ್ಕೆ ಐದು ಕೂಡಿಸಲಾರೆ. ಇದನ್ನು ಹೇಳಿಕೊಳ್ಳಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ನಾಚಿಕೆಪಡುವುದಕ್ಕೂ ಆಯಾಸ. ದಿನವಿಡೀ ನೆಲದ ಮೇಲೆ ಕೂತು ಎದ್ದು ಮೊಣಕಾಲು ಹೋದವು, ಕೂಗಿ ಕೂಗಿ ದನಿ ಹೋಯಿತು. ಇನ್ನು ಮರ್ಯಾದೆಯೊಂದನ್ನು ಉಳಿಸಿಕೊಂಡು ಮಾಡುವುದಾದರೂ ಏನು?

ತೊಂಬತ್ತರ ದಶಕದಲ್ಲಿ ನಮ್ಮನ್ನೆಲ್ಲ ಬೈಲಹೊಂಗಲಕ್ಕೆ ಮೂರು ದಿನದ ತರಬೇತಿಗೆ ಕರೆದಿದ್ದರು. ಪಾಠ ಮಾಡಬೇಡಿ, ಆಡಿಸುತ್ತ ಕಲಿಸಿ ಎಂಬುದೇ ಅಲ್ಲಿನ ಸಾರಾಂಶ. ತರಬೇತಿ ಕೊಡಲು ಬಂದವರು ಉತ್ಸಾಹದ ಮನುಷ್ಯ. ಸೀರೆಯುಟ್ಟ ನಮ್ಮನ್ನೇ ಸಾಲಾಗಿ ನಿಲ್ಲಿಸಿ ಕಪ್ಪೆಯ ಹಾಗೆ ಕುಪ್ಪಳಿಸುವಂತೆ ಮಾಡಿದರು. ಎರಡು ಜಿಗಿತಕ್ಕೆ ಮೂರು ಜಿಗಿತ ಕೂಡಿದರೆ ಐದಾಗುತ್ತದೆ ಎಂಬುದು ನನಗೆ ಮನದಟ್ಟಾಯಿತು. ಸೊಂಟಕ್ಕಂತೂ ಇನ್ನೂ ಚೆನ್ನಾಗಿ ಮನದಟ್ಟಾಯಿತು.

ಸುರೇಬಾನದ ಹತ್ತಿರದ ನಮ್ಮ ಹಳ್ಳಿಗೆ ಮರಳಿ ಮೊದಲು ಹುರಿಗಡಲೆಯಿಂದ ಆರಂಭಿಸಿದೆ. ಎರಡು ಕಡಲೆ ಈ ಕಡೆ, ಮೂರು ಆ ಕಡೆ. ಎಷ್ಟಾಯಿತು ಎಂದು ಕೇಳುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಆಮೇಲೆ ಬಸ್ಸಿನ ಆಟ ಹೂಡಿದೆ. ಹಗ್ಗದೊಳಗೆ ಇಬ್ಬರು ನಿಂತಿರಬೇಕು, ಸುರೇಬಾನದಲ್ಲಿ ಮೂವರು ಹತ್ತಬೇಕು. ಆದರೆ ಎಲ್ಲರೂ ಡ್ರೈವರ್ ಆಗುವವರೇ, ಹತ್ತಲು ಪ್ರಯಾಣಿಕರೇ ಇಲ್ಲ. ಒಮ್ಮೆ ಹೂಲಿಯ ಹಳೆಯ ಗುಡಿಗಳಿಗೆ ಕರೆದೊಯ್ದು ಕಂಬ ಎಣಿಸಲು ಹಚ್ಚಿದೆ. ಅಷ್ಟು ಶತಮಾನ ಅಲುಗದೆ ನಿಂತ ಕಂಬಗಳು ನನ್ನ ಮಕ್ಕಳು ಎಣಿಸುವಾಗ ಮಾತ್ರ ಒಮ್ಮೆ ಎಂಟಾಗುತ್ತಿದ್ದವು, ಒಮ್ಮೆ ಹದಿನಾಲ್ಕು. ಅವನ್ನು ಕಟ್ಟಿದ ಶಿಲ್ಪಿಗಳೂ ಚಿಕ್ಕಂದಿನಲ್ಲಿ ಯಾರನ್ನೋ ಹೀಗೇ ದಣಿಸಿರಬೇಕು ಎಂದುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಕೊನೆಗೆ ಗತಿಯಾದದ್ದು ಹುಣಸೆಬೀಜ. ತಿನ್ನಲು ಬರುವುದಿಲ್ಲ, ಡ್ರೈವರ್ ಆಗುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಹೆಚ್ಚಿನ ಮಕ್ಕಳಿಗೆ ಐದರೊಳಗಿನ ಕೂಡಿಕೆ ಬಂತು. ಬಾರದವಳು ನೀಲವ್ವ ಒಬ್ಬಳೇ.

ನೀಲವ್ವ ಪೇರಲಹಣ್ಣು ಮಾರುವ ಸಂಗವ್ವನ ಮೊಮ್ಮಗಳು. ಹುಡುಗಿ ಚುರುಕು, ಕಣ್ಣಿನಲ್ಲೇ ಅರ್ಧ ಮಾತಾಡುವಳು. ಆದರೆ ಎರಡಕ್ಕೆ ಎರಡು ಕೂಡಿಸಿದರೆ ಐದು ಎನ್ನುವಳು, ಒಂದಕ್ಕೆ ಎರಡು ಕೂಡಿಸಿದರೆ ನಾಲ್ಕು. ತಪ್ಪುವುದರಲ್ಲಿ ಅವಳು ಎಂದೂ ತಪ್ಪಿದವಳಲ್ಲ. ಜೂನಿನಲ್ಲಿ ಅವಳನ್ನು ಒಂದನೆಯ ತರಗತಿಗೆ ಸೇರಿಸಬೇಕು. ಅಲ್ಲಿಯ ಹೆಡ್‌ಮಾಸ್ತರರು ಸೀಮೆಸುಣ್ಣದ ತುಂಡುಗಳನ್ನಿಟ್ಟು ಲೆಕ್ಕ ಕೇಳುವವರು. ಹಿಂದಿನ ವರ್ಷ ಇಬ್ಬರನ್ನು ತಿರುಗಿ ಕಳಿಸಿದ್ದರು. ಸಂಗವ್ವ ನನ್ನೆದುರು ಬುಟ್ಟಿ ಇಳಿಸಿ ನೇರವಾಗಿಯೇ ಹೇಳಿದ್ದಳು: "ಈ ಸಲ ಸಾಲ್ಯಾಗ ತೊಗೊಳ್ಳಲಿಲ್ಲಂದ್ರ ನನ್ನ ಜೋಡಿ ಬುಟ್ಟಿ ಹೊರಾಕ ಬರ್ತಾಳ ಬಿಡ್ರಿ ಅಕ್ಕಾರ. ಮನ್ಯಾಗ ಒಬ್ಬಾಕಿನ್ನ ಎಲ್ಲಿ ಬಿಡ್ಲಿ?"

ಆ ಮಾತು ಕೇಳಿದ ಮೇಲೆ ನನ್ನ ಆಯಾಸಕ್ಕೆ ಭಯವೂ ಸೇರಿತು. ಒಂದು ಮಧ್ಯಾಹ್ನ ಉಳಿದ ಮಕ್ಕಳು ಮಲಗಿದ್ದಾಗ ನೀಲವ್ವನನ್ನು ಮುಂದೆ ಕೂರಿಸಿಕೊಂಡು ಎರಡೆರಡು ಬೀಜ ಇಟ್ಟೆ. ಅವಳು ನಾಲ್ಕನ್ನೂ ಒಂದೊಂದಾಗಿ ಸರಿಯಾಗಿಯೇ ಎಣಿಸಿದಳು. ಆಮೇಲೆ ಡಬ್ಬಿಗೆ ಕೈ ಹಾಕಿ ಇನ್ನೊಂದು ಬೀಜ ತೆಗೆದು ಮೇಲಿಟ್ಟಳು. ಐದನೆಯದು ಎಲ್ಲಿಂದ ಬಂತು ಎಂದು ಕೇಳಿದೆ.

"ಅದು ಕೊಸರ್ರೀ," ಎಂದಳು, ಇಷ್ಟೂ ತಿಳಿಯದವಳನ್ನು ನೋಡುವ ಹಾಗೆ ನೋಡಿ. "ಬರೇ ನಾಕ ಕೊಟ್ಟು ಕಳಿಸಿದ್ರ ಮಂದಿ ಏನಂತಾರ್ರಿ?"

ಕೊಸರು ನಿಮಗೂ ಗೊತ್ತು. ಅಳತೆ ಮುಗಿದ ಮೇಲೆ, ಎಣಿಕೆ ಮುಗಿದ ಮೇಲೆ, ಮಾರುವವರು ಮೇಲೊಂದು ಹಾಕುತ್ತಾರಲ್ಲ, ಅದು. ಕೊಂಡವರು ಸೆರಗೊಡ್ಡಿ ನಿಂತೇ ಇರುತ್ತಾರೆ, ಅದು ಬೀಳುವ ತನಕ ವ್ಯಾಪಾರ ಮುಗಿಯುವುದಿಲ್ಲ. ಅದು ದಾನವಲ್ಲ, ಕೊಟ್ಟವರು ಅದನ್ನು ನೆನಪಿಡುವುದೂ ಇಲ್ಲ. ಇಷ್ಟು ವಯಸ್ಸಿಗೆ ನಾನು ಎಷ್ಟೋ ಗಣಿತದ ಪುಸ್ತಕ ನೋಡಿದ್ದೇನೆ, ಅದಕ್ಕೊಂದು ಚಿಹ್ನೆ ಎಲ್ಲೂ ಕಾಣಲಿಲ್ಲ.

ನೀಲವ್ವನಿಗೆ ಲೆಕ್ಕ ಬರುತ್ತಿತ್ತು, ಬರಬೇಕಾದದ್ದಕ್ಕಿಂತ ಒಂದು ಹೆಚ್ಚೇ ಬರುತ್ತಿತ್ತು. ಆ ಹೆಚ್ಚಿನದನ್ನು ಕಳೆಯುವುದು ನನ್ನ ಕೆಲಸವಾಯಿತು. ಶಾಲೆಯಲ್ಲಿ ಕೊಸರು ಇರುವುದಿಲ್ಲ ಎಂದೆ. ಯಾಕ್ರಿ ಎಂದಳು. ಒಳ್ಳೆಯ ಪ್ರಶ್ನೆ. ದಣಿದಿರದಿದ್ದರೆ ಒಂದು ಕತೆ ಕಟ್ಟಿ ಹೇಳುತ್ತಿದ್ದೆನೋ ಏನೋ. ಮಾಸ್ತರರು ಬೈಯುತ್ತಾರೆ ಎಂದು ಹೇಳಿ ಮುಗಿಸಿದೆ. ಅವಳ ಕೈ ಡಬ್ಬಿಯ ಕಡೆ ಹೋದಾಗಲೆಲ್ಲ ಮಣಿಕಟ್ಟು ಹಿಡಿದು ನಿಲ್ಲಿಸುತ್ತಿದ್ದೆ. ಬೇಸಿಗೆ ಕಳೆಯುವ ಹೊತ್ತಿಗೆ ಕೈ ತಾನಾಗಿಯೇ ನಿಲ್ಲತೊಡಗಿತು.

ಜೂನಿನಲ್ಲಿ ಹೆಡ್‌ಮಾಸ್ತರರು ಮೂರು ತುಂಡು ಸೀಮೆಸುಣ್ಣಕ್ಕೆ ಎರಡು ಸೇರಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ನೀಲವ್ವ ಎಣಿಸಿದಳು. ಅವಳ ಕೈ ಸೀಮೆಸುಣ್ಣದ ಪೆಟ್ಟಿಗೆಯ ಕಡೆ ಗೇಣುದ್ದ ಹೋಗಿ ನಿಂತಿತು. ತಿರುಗಿ ನನ್ನನ್ನು ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು "ಐದ್ರಿ" ಎಂದಳು. ಹೆಸರು ಹಚ್ಚಿಕೊಂಡರು. ಅಂದು ಮನೆಗೆ ಹೋಗುವಾಗ ಎಷ್ಟೋ ದಿನಗಳ ಮೇಲೆ ನನಗೆ ಕಾಲುನೋವು ನೆನಪಾಗಲಿಲ್ಲ.

ಮುಂದಿನ ಚಳಿಗಾಲದ ಒಂದು ರಜೆಯ ದಿನ ರಾಮದುರ್ಗಕ್ಕೆ ಹೋಗಲು ಸುರೇಬಾನದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಸಂಗವ್ವ ಬೇವಿನ ನೆರಳಲ್ಲಿ ಚಹಾ ಕುಡಿಯುತ್ತಿದ್ದಳು. ಬುಟ್ಟಿಯ ಮುಂದೆ ನೀಲವ್ವ ಕುಳಿತಿದ್ದಳು. ಐದು ಪೇರಲಹಣ್ಣು ಕೇಳಿದೆ. ಒಂದೊಂದಾಗಿ ಎಣಿಸಿ ಚೀಲಕ್ಕೆ ಹಾಕಿ, ಕೈ ಹಿಂದಕ್ಕೆ ತೆಗೆದುಕೊಂಡಳು. ನನ್ನ ಸೆರಗು ಮಾತ್ರ ರೂಢಿಯಂತೆ ಇನ್ನೂ ಒಡ್ಡಿಕೊಂಡೇ ಇತ್ತು.

"ಕೊಸರ ಹಾಕೂದಿಲ್ರಿ ಅಕಿ, ಯಾರಿಗೂ ಹಾಕೂದಿಲ್ಲ," ಎಂದಳು ಸಂಗವ್ವ ನೆರಳಿನಿಂದಲೇ. ದನಿಯಲ್ಲಿ ಹೆಮ್ಮೆ ತುಂಬಿತ್ತು. "ನಿಮ್ಮ ಕಡೆ ಕಲಿತು ಭಾಳ ಶಾಣ್ಯಾಕಿ ಆಗ್ಯಾಳ."

ನೀಲವ್ವ ನನ್ನ ಮುಖವನ್ನೇ ನೋಡುತ್ತಿದ್ದಳು, ಅಂದು ಹೆಡ್‌ಮಾಸ್ತರರ ಮುಂದೆ ನೋಡಿದ ಹಾಗೆಯೇ. "ಸರಿ ಐತಲ್ರಿ ಅಕ್ಕಾರ?"

"ಸರಿ ಐತೆವ್ವ," ಎಂದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಬಸ್ಸು ಹೊರಟ ಮೇಲೆ ಚೀಲದೊಳಗೆ ಕೈ ಹಾಕಿ, ಇನ್ನೊಂದು ಕೈಯ ಬೆರಳು ಮಡಚುತ್ತ ಎಣಿಸಿದೆ. ನನಗೆ ಲೆಕ್ಕ ಬರುವುದಿಲ್ಲವಲ್ಲ ಎಂಬ ಆಸೆಯಿಂದ ಇನ್ನೊಮ್ಮೆ ಎಣಿಸಿದೆ. ಐದೇ ಇದ್ದವು.