ಸುಳ್ಳು ಅಳತೆ

ನನ್ನ ಭಾವ, ಅಂದರೆ ಅಕ್ಕನ ಗಂಡ, ದರ್ಜಿ. ಕೊರಳಲ್ಲಿ ಟೇಪು ಹಾಕಿಕೊಂಡೇ ಊಟಕ್ಕೆ ಕೂರುವ ಮನುಷ್ಯ. ಬೀದಿಯವರೆಲ್ಲ ಅವರನ್ನು ಕರೆಯುವುದೇ ಟೇಪು ಮಾಸ್ತರ್ ಎಂದು. ನಾನು ಅವರ ಅಂಗಡಿಯಲ್ಲಿ ಗುಂಡಿ ಹಚ್ಚುತ್ತೇನೆ, ಅಂಚು ಮಡಚಿ ಕೈಹೊಲಿಗೆ ಹಾಕುತ್ತೇನೆ, ಜೊತೆಗೆ ಅವರ ತಪ್ಪು ಹುಡುಕುತ್ತೇನೆ. ಕೊನೆಯದಕ್ಕೆ ಸಂಬಳವಿಲ್ಲ.

ಅಂಗಡಿಯಲ್ಲಿ ಭಾವನದೊಂದು ಮಾತಿದೆ: ಸುಳ್ಳು ಅಳತೆ. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ಗೋಡೆ ನೋಡುತ್ತಾ ನಿಲ್ಲುತ್ತಾನಲ್ಲ, ಅದು. ಭಾವ ಟೇಪು ಸಡಿಲಿಸಿ ಕಾಯುತ್ತಾರೆ. "ಉಸಿರು ಬಿಡಿ ಸ್ವಾಮಿ. ಸುಳ್ಳು ಅಳತೆ ಕೊಟ್ರೆ ನಾನು ಸುಳ್ಳು ಪ್ಯಾಂಟೇ ಹೊಲಿಬೇಕಾಗುತ್ತೆ" ಎನ್ನುತ್ತಾರೆ. ಹಳೆಯ ಪ್ಯಾಂಟು ಕಳಿಸುತ್ತೇನೆ, ಅದರ ಅಳತೆಗೇ ಹೊಲಿದುಬಿಡಿ ಎಂದು ಯಾರಾದರೂ ಫೋನ್ ಮಾಡಿದರೆ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಹಾಕಿಕೊಳ್ಳುವವರೇ ಬಂದು ನಿಲ್ಲಬೇಕು. ಇಂಥ ಮನುಷ್ಯ ಮನೆಯ ಗಾಡಿಯ ವಿಷಯದಲ್ಲಿ ಹಾಗೆ ಮಾಡಿದ್ದು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಗಾಡಿ ಅಂದರೆ ಒಂದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ. ಅಕ್ಕ ಅದರಲ್ಲಿ ಮಕ್ಕಳನ್ನು ಶಾಲೆಗೆ ಬಿಡುತ್ತಾಳೆ, ಭಾವ ಬಟ್ಟೆಯ ಥಾನು ತರುತ್ತಾರೆ. ಭಾನುವಾರ ಇಡೀ ಮನೆ ಅದರೊಳಗೆ ತುಂಬಿಕೊಂಡು ಊರಿನ ಆ ತುದಿಯಲ್ಲಿರುವ ದೊಡ್ಡಮ್ಮನ ಮನೆಗೆ ಹೋಗುತ್ತದೆ. ದೊಡ್ಡಮ್ಮ ಭಾವನ ತಾಯಿಯ ಅಕ್ಕ, ಹಾಸಿಗೆ ಹಿಡಿದವರು. ಭಾವನ ತಾಯಿಯನ್ನು ಮಕ್ಕಳ ಜೊತೆ ನಾವೂ ಅಜ್ಜಿ ಅನ್ನುತ್ತೇವೆ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಅಜ್ಜಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಟ್ಯಾಕ್ಸಿ ಅಂದರೆ ದಂಡ ಎಂದು ಮೂಗು ಮುರಿಯುತ್ತಾರೆ. ಅವರ ಪಾಲಿಗೆ ಹೊರಗಿನ ಗಾಳಿ ಅಂದರೆ ಆ ಭಾನುವಾರವೇ. ಅಕ್ಕತಂಗಿಯರಿಬ್ಬರೂ ಕೈ ಕೈ ಹಿಡಿದುಕೊಂಡು, ಸತ್ತವರನ್ನೂ ಬಿಡದೆ ಎಲ್ಲರನ್ನೂ ಬೈಯುತ್ತಾ ಸಂಜೆಯವರೆಗೆ ಕೂರುತ್ತಿದ್ದರು.

ದೊಡ್ಡಮ್ಮನ ಬೀದಿಯ ಬಾಯಲ್ಲೇ ಒಂದು ಹಂಪು. ಅದನ್ನು ಹಾಕಿದವನಿಗೆ ಸಿಮೆಂಟು ಮಿಕ್ಕಿತ್ತೋ ಸಿಟ್ಟು ಮಿಕ್ಕಿತ್ತೋ ಗೊತ್ತಿಲ್ಲ. ನಮ್ಮ ಗಾಡಿಯ ಹಿಂದಿನ ಸ್ಪ್ರಿಂಗುಗಳು ಹಳತಾಗಿ ಕುಸಿದಿದ್ದವು. ಎಲ್ಲರೂ ಕೂತಿದ್ದರೆ ಗಾಡಿಯ ಹೊಟ್ಟೆ ಹಂಪಿಗೆ ಉಜ್ಜಿ ಇಡೀ ಬೀದಿ ತಿರುಗಿ ನೋಡುವಂಥ ಸದ್ದು ಬರುತ್ತಿತ್ತು. ಹಾಗಾಗಿ ಪ್ರತಿ ಭಾನುವಾರ ಅಲ್ಲಿ ಎಲ್ಲರೂ ಇಳಿಯುವುದು, ಖಾಲಿ ಗಾಡಿ ದಾಟುವುದು, ಮತ್ತೆ ಎಲ್ಲರೂ ಹತ್ತುವುದು. ಮೂಲೆಯ ಕ್ಷೌರದಂಗಡಿಯ ಬೆಂಚಿನಲ್ಲಿ ಕೂತವರಿಗೆ ಪುಕ್ಕಟೆ ಮನರಂಜನೆ. ಅಜ್ಜಿ ಕೋಲೂರಿಕೊಂಡು ಹಂಪು ದಾಟುವಷ್ಟರಲ್ಲಿ ಹಿಂದಿನ ಗಾಡಿಗಳವರು ಹಾರ್ನ್ ಒತ್ತಿ ಜೀವ ತಿನ್ನುತ್ತಿದ್ದರು.

ಒಂದು ಭಾನುವಾರ ಬೆಂಚಿನವನೊಬ್ಬ, "ಮಾಸ್ತರೇ, ಗಾಡಿ ನಿಮ್ಮನ್ನ ಹೊರುತ್ತೋ, ನೀವೇ ಗಾಡೀನ ಹೊರ್ತೀರೋ?" ಎಂದು ಕೇಳಿದ. ಭಾವನ ಮುಖ ಕೆಂಪಾಯಿತು. ಆ ಅವಮಾನವನ್ನು ಯಾರ ತಲೆಗಾದರೂ ಕಟ್ಟಬೇಕಲ್ಲ, "ಏನ್ಮಾಡೋದು, ನಮ್ಮಮ್ಮ ಇಳಿದ್ರೇನೇ ಗಾಡಿ ಏಳೋದು" ಎಂದುಬಿಟ್ಟರು. ಬೆಂಚಿನವರು ಬಿದ್ದು ಬಿದ್ದು ನಕ್ಕರು. ಅಜ್ಜಿಯೂ ನಕ್ಕರು. ಆದರೆ ಗಾಡಿ ಹತ್ತಿದ ಮೇಲೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲು ನೋಡುತ್ತಾ ಕೂತರು. ಭಾವ ಮುಂದಿನ ಕನ್ನಡಿಯಲ್ಲಿ ತಾಯಿಯ ಮುಖ ನೋಡಿ ಕನ್ನಡಿಯನ್ನೇ ಬೇರೆ ಕಡೆ ತಿರುಗಿಸಿಕೊಂಡರು. ಹೆತ್ತವಳನ್ನು ನಡುಬೀದಿಯಲ್ಲಿ ನಗೆಪಾಟಲು ಮಾಡಿದೆನಲ್ಲ ಎಂಬ ನಾಚಿಕೆ ಅವರನ್ನು ಆ ವಾರವೆಲ್ಲ ಕಿತ್ತು ತಿಂದಿತು. ಇನ್ನು ಅಮ್ಮ ಅಲ್ಲಿ ಇಳಿಯಬಾರದು, ಗಾಡಿ ಎತ್ತರಿಸಿಯೇ ತೀರುತ್ತೇನೆ ಎಂದು ಹಟ ಹಿಡಿದರು.

ಅಲ್ಲಿಂದ ಶುರುವಾಯಿತು ಫೋನಿನಲ್ಲಿ ವೀಡಿಯೊ ನೋಡುವ ಹುಚ್ಚು. ಯಾರೋ ಗಡ್ಡದವರು ಬಂಡೆಗಳ ಮೇಲೆ ಗಾಡಿ ಹತ್ತಿಸುತ್ತಿದ್ದರು, ಭಾವ ಕತ್ತರಿ ಕೆಳಗಿಟ್ಟು ನೋಡುತ್ತಿದ್ದರು. ಅಕ್ಕ, "ರೀ, ಅದು ಸಾರಿನ ಪಾತ್ರೆ ಮಡಿಲಲ್ಲಿಟ್ಟುಕೊಂಡು ಹೋಗೋ ಗಾಡಿ, ಯುದ್ಧಕ್ಕೆ ಹೋಗೋದಲ್ಲ" ಎಂದಳು. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎಲ್ಲ ಸೇರಿದ ಪೂರಾ ಸೆಟ್ಟಿನ ಬೆಲೆ ಕಂಡ ದಿನ ಭಾವ ಫೋನನ್ನು ಬೋರಲು ಹಾಕಿದರು. ಕೊನೆಗೆ ಕೈಗೆಟುಕುವಂಥದ್ದು ಒಂದು ಸಿಕ್ಕಿತು: ಸ್ಪೇಸರ್. ಸ್ಪ್ರಿಂಗಿಗೆ ಒತ್ತಾಗಿ ಕೂರಿಸುವ ಬಿಲ್ಲೆ. ಬಿಲ್ಲೆ ದಪ್ಪವಾದಷ್ಟೂ ಗಾಡಿ ಮೇಲೇಳುತ್ತದೆ. ಒಂದು ಸಂಜೆ ಹೋಗಿ, ಕ್ಷೌರದಂಗಡಿಯ ಎದುರೇ ಮಂಡಿಯೂರಿ, ಹಂಪಿನ ಎತ್ತರವನ್ನೂ ಅಳೆದುಕೊಂಡು ಬಂದರು.

ಗ್ಯಾರೇಜಿಗೆ ನಾನೂ ಹೋಗಿದ್ದೆ. ಅಲ್ಲಿಂದ ದಾರದ ಅಂಗಡಿಗೆ ಹೋಗುವುದಿತ್ತು. ಮೆಕ್ಯಾನಿಕ್ ಗಾಡಿಯ ಕೆಳಗಿನಿಂದ ಎದ್ದುಬಂದು ಹಳೆಯ ಬನಿಯನ್ನಿಗೆ ಕೈ ಒರೆಸಿಕೊಳ್ಳುತ್ತಾ ಹೇಳಿದ. "ದಿನಾ ಓಡಿಸೋ ಮನೆ ಗಾಡಿ ಮಾಸ್ತರೇ. ಹಿಂದಿನ ಸ್ಪ್ರಿಂಗು ಸೋತುಹೋಗಿದೆ. ಕಂಪನಿ ಅಳತೆದೇ ಹೊಸದು ಹಾಕಿಸಿ, ಬೇಕಿದ್ರೆ ಜೊತೆಗೆ ತೆಳು ಸ್ಪೇಸರ್ ಕೂರಿಸೋಣ. ದಪ್ಪದ್ದು ಹಾಕಿದ್ರೆ ಎತ್ತರ ಏನೋ ಬರುತ್ತೆ, ಆಮೇಲೆ ಕುಲುಕುತ್ತೆ ಅಂತ ನೀವೇ ನನ್ನ ಬೈತೀರ."

ಭಾವ ತೆಳುವಾದದ್ದನ್ನು ಒಂದು ಕೈಯಲ್ಲಿ, ದಪ್ಪನೆಯದನ್ನು ಇನ್ನೊಂದು ಕೈಯಲ್ಲಿ ಹಿಡಿದರು. ಸ್ಪ್ರಿಂಗಿನ ಗೊಡವೆಯಿಲ್ಲದೆ ದಪ್ಪ ಬಿಲ್ಲೆಯೊಂದೇ ಹಾಕಿಸಿದರೆ ಎಲ್ಲಕ್ಕಿಂತ ಅಗ್ಗ. ಬೆಂಚಿನವರ ಬಾಯಿಯೂ ಮುಚ್ಚುತ್ತದೆ. "ಇದೇ ಇರಲಿ" ಎಂದರು.

"ಮನೇಲಿ ವಯಸ್ಸಾದವ್ರು ಇದ್ದಾರಾ? ಹತ್ತೋಕೆ ಕಷ್ಟ ಆಗುತ್ತೆ."

"ಅವರೇನು ದಿನಾ ಹತ್ತಲ್ಲ ಬಿಡಿ."

ನನಗೆ ಸುಮ್ಮನಿರಲಾಗಲಿಲ್ಲ. "ಭಾವ, ಅಜ್ಜೀನ ಒಂದ್ಸಲ ಕರ್ಕೊಂಡು ಬಂದು ನಿಲ್ಲಿಸಿ ನೋಡೋಣ" ಎಂದೆ.

"ನೀನು ಗುಂಡಿ ಹಚ್ಚು" ಎಂದರು. ಮೆಕ್ಯಾನಿಕ್‌ನ ಎದುರಿಗೇ ಅಂದರು.

ಭಾನುವಾರ ಬಂತು. ಗಾಡಿ ನಮ್ಮ ಅಂಗಳದಲ್ಲಿ ಕೊಂಬು ಬಂದಂತೆ ನಿಂತಿತ್ತು. ಅಜ್ಜಿ ಕೋಲನ್ನು ಮೊಮ್ಮಗಳ ಕೈಗೆ ಕೊಟ್ಟು, ಬಾಗಿಲು ಹಿಡಿದು ಕಾಲೆತ್ತಿದರು. ಪಾದ ಬಾಗಿಲ ಅಂಚಿಗೆ ತಗುಲಿ ಕೆಳಗೆ ಬಂತು. ಇನ್ನೊಮ್ಮೆ ಎತ್ತಿದರು. ಆಮೇಲೆ ನಮ್ಮೆಲ್ಲರ ಮುಖ ನೋಡಿ, "ಯಾಕೋ ತಲೆ ಸುತ್ತುತ್ತಿದೆ ಕಣೋ. ನೀವು ಹೋಗ್ಬನ್ನಿ" ಎಂದರು.

"ಎತ್ತಿ ಕೂರಿಸ್ಲಾ ಅಮ್ಮ?"

"ನಾನೇನು ಮೂಟೆನಾ?" ಎಂದು ಒಳಗೆ ನಡೆದರು.

ಆ ದಿನ ಗಾಡಿ ಹಂಪನ್ನು ಸದ್ದಿಲ್ಲದೆ ದಾಟಿತು. ಬೇಕಿಲ್ಲದಿದ್ದರೂ ಭಾವ ಬೆಂಚಿನ ಎದುರು ಒಂದು ಹಾರ್ನ್ ಹೊಡೆದರು. ದೊಡ್ಡಮ್ಮ ನಮ್ಮ ಹಿಂದೆ ಬಾಗಿಲ ಕಡೆಗೇ ನೋಡುತ್ತಿದ್ದರು. ಮುಂದಿನ ವಾರ ಅಜ್ಜಿಗೆ ಹೊಟ್ಟೆ ಸರಿಯಿರಲಿಲ್ಲ. ಅದರ ಮುಂದಿನ ವಾರ, "ಅಕ್ಕ ಮಲಗಿರ್ತಾಳೆ, ಸುಮ್ನೆ ಯಾಕೆ ಎಬ್ಬಿಸೋದು" ಎಂದರು. ಅಜ್ಜಿ ಬರದ ಮೇಲೆ ಆ ಎರಡು ವಾರ ನಾವೂ ಹೋಗಲಿಲ್ಲ. ಭಾವ ಎಲ್ಲವನ್ನೂ ನಂಬಿದರು. ನಂಬುವುದು ಅವರಿಗೆ ಅನುಕೂಲವಾಗಿತ್ತು.

ಒಂದು ಮಧ್ಯಾಹ್ನ ಗಿರಾಕಿಯ ಕೋಟು ಮನೆಯಲ್ಲೇ ಉಳಿದಿತ್ತು, ಅದನ್ನು ತರಲು ನಾವಿಬ್ಬರೂ ಬಂದೆವು. ಗೇಟಿನ ಹತ್ತಿರ ಭಾವ ಗಕ್ಕನೆ ನಿಂತರು. ಅಂಗಳದಲ್ಲಿ ಗಾಡಿಯ ಬಾಗಿಲು ತೆರೆದಿತ್ತು. ಅದರ ಕೆಳಗೆ ಬಚ್ಚಲಮನೆಯ ಗಿಡ್ಡ ಸ್ಟೂಲು. ಅಜ್ಜಿ ಸ್ಟೂಲಿನ ಮೇಲೆ ಒಂದು ಕಾಲಿಟ್ಟು, ಬಾಗಿಲ ಹಿಡಿ ಹಿಡಿದು ಮೈ ಎತ್ತಲು ನೋಡಿದರು. ಸ್ಟೂಲು ವಾಲಿತು. ಇಳಿದು, ಕೋಲಿನಿಂದ ಸ್ಟೂಲನ್ನು ಸರಿಮಾಡಿ, ಮತ್ತೆ ಕಾಲಿಟ್ಟರು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಅಭ್ಯಾಸ ಮಾಡುತ್ತಿದ್ದರು. ಭಾವ ಹೆಜ್ಜೆ ಮುಂದಿಡುವಷ್ಟರಲ್ಲಿ ಅಜ್ಜಿಯ ಫೋನು ಬಡಿದುಕೊಂಡಿತು. ಅವರು ಅದೇ ಸ್ಟೂಲಿನ ಮೇಲೆ ಕೂತು ಕಿವಿಗಿಟ್ಟುಕೊಂಡರು.

"ಇಲ್ಲ ಕಣೇ ಅಕ್ಕ, ಈ ಭಾನುವಾರಾನೂ ಆಗಲ್ಲ. ಗಾಡಿ ರಿಪೇರಿಗೆ ಬಿಟ್ಟಿದ್ದಾನೆ. ಹೂಂ, ಇನ್ನೂ ಬಂದಿಲ್ಲ. ಅವನನ್ನ ಬೈಬೇಡ, ಅವನೇನು ಮಾಡ್ತಾನೆ ಪಾಪ. ನನ್ನ ನಿನ್ನ ಹತ್ರ ಕರ್ಕೊಂಡು ಬರೋಕೆ ಅಂತಾನೇ ಇಷ್ಟೆಲ್ಲ ಒದ್ದಾಡ್ತಿದಾನೆ."

ಹೇಳುತ್ತಾ ಹೇಳುತ್ತಾ ಪಕ್ಕದಲ್ಲೇ ನಿಂತಿದ್ದ ಗಾಡಿಯ ಟೈರನ್ನು ಕೈಯಿಂದ ಸವರುತ್ತಿದ್ದರು.

ಭಾವ ಕೊರಳಿನ ಟೇಪನ್ನು ಎಳೆದು ಜೇಬಿಗೆ ತುರುಕಿದರು. ಹಗಲು ಹೊತ್ತಿನಲ್ಲಿ ಅವರ ಕೊರಳು ಬರಿದಾಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವರಿಗೆ ನನ್ನ ಮುಖ ನೋಡಲೂ ನಾಚಿಕೆಯಾಗುತ್ತಿತ್ತು. ಗ್ಯಾರೇಜಿನ ಆ ದಿನದಿಂದ ನಾನೊಂದು ಚುಚ್ಚುಮಾತು ಸಿದ್ಧಮಾಡಿಟ್ಟುಕೊಂಡಿದ್ದೆ. ಅದು ಬಾಯಿಗೆ ಬರಲಿಲ್ಲ.

ನಮ್ಮನ್ನು ಕಂಡದ್ದೇ ಅಜ್ಜಿ ಗಡಬಡಿಸಿ ಎದ್ದರು. "ಸ್ಟೂಲು ಒದ್ದೆಯಾಗಿತ್ತು, ಬಿಸಿಲಿಗಿಟ್ಟಿದ್ದೆ."

ಭಾವ ತಾಯಿಯ ಕಾಲಬುಡದಲ್ಲಿ ಮಂಡಿಯೂರಿದರು. ಜೇಬಿನಿಂದ ಟೇಪು ತೆಗೆದರು. "ಕಾಲೆತ್ತು ಅಮ್ಮ. ಎಷ್ಟಾಗುತ್ತೋ ಅಷ್ಟು."

ಅಜ್ಜಿಗೆ ಎಲ್ಲ ಅರ್ಥವಾಯಿತು. ಬಾಗಿಲು ಹಿಡಿದು ಕಾಲೆತ್ತಿದರು. ನಾನು ಅಂದುಕೊಂಡದ್ದಕ್ಕಿಂತ ಮೇಲೆ ಹೋಯಿತು ಪಾದ, ಹೆಚ್ಚುಕಡಿಮೆ ಬಾಗಿಲ ಅಂಚಿನವರೆಗೆ. ತೊಡೆ ನಡುಗುತ್ತಿತ್ತು. ಉಸಿರು ಬಿಗಿಹಿಡಿದು, ಎದುರಿನ ಗೋಡೆ ನೋಡುತ್ತಾ ನಿಂತಿದ್ದರು. ಭಾವ ಟೇಪು ಸಡಿಲಿಸಿ ಕಾದರು.

"ಉಸಿರು ಬಿಡು ಅಮ್ಮ. ಸುಳ್ಳು ಅಳತೆ ಕೊಡಬೇಡ."

ಅಜ್ಜಿ ಉಸಿರು ಬಿಟ್ಟರು. ಪಾದ ಕೆಳಗಿಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಂತಿತು. "ಇಷ್ಟೇ ಕಣೋ ಆಗೋದು" ಎಂದರು, ತಪ್ಪು ತಮ್ಮದೇ ಎಂಬಂತೆ. ಭಾವ ಟೇಪಿನ ಮೇಲೆ ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ತಲೆ ತಗ್ಗಿಸಿಯೇ ಕೂತಿದ್ದರು.

ಹೆಬ್ಬೆರಳು ತೆಗೆಯದೆ ಆ ಟೇಪನ್ನು ಹಾಗೇ ಗ್ಯಾರೇಜಿಗೆ ಒಯ್ದರು. "ಬಾಗಿಲ ಅಂಚು ಇದಕ್ಕಿಂತ ಒಂದು ನೂಲೂ ಮೇಲೆ ಬರಬಾರದು" ಎಂದರು. ದಪ್ಪ ಬಿಲ್ಲೆ ಹೊರಬಂತು, ಹಿಂದೆ ಹೊಸ ಸ್ಪ್ರಿಂಗು ಕೂತಿತು. ತೆಳು ಬಿಲ್ಲೆಗೂ ಆ ಅಳತೆಯಲ್ಲಿ ಜಾಗವಿರಲಿಲ್ಲ. "ಎಲ್ಲರೂ ಕೂತ್ರೆ ಆ ಹಂಪಿಗೆ ಇನ್ನೂ ಸ್ವಲ್ಪ ತಗುಲುತ್ತೆ ಮಾಸ್ತರೇ" ಎಂದ ಮೆಕ್ಯಾನಿಕ್. "ತಗುಲದ ಹಾಗೆ ನಾನು ನೋಡ್ಕೋತೀನಿ" ಎಂದರು ಭಾವ.

ಆ ಭಾನುವಾರ ಅಜ್ಜಿ ತಾವೇ ಹತ್ತಿ ಕೂತರು. ಹಂಪಿನ ಹತ್ತಿರ ಗಾಡಿ ನಿಂತಿತು. ಅಭ್ಯಾಸಬಲದಿಂದ ಅಜ್ಜಿ ಕೋಲು ತೆಗೆದುಕೊಂಡರು. "ನೀನು ಕೂತಿರು" ಎಂದು ಭಾವ ಸ್ಟೀರಿಂಗನ್ನು ಅಕ್ಕನಿಗೆ ಕೊಟ್ಟು ಇಳಿದರು. ಮಕ್ಕಳನ್ನು ಕರೆದುಕೊಂಡು ನಾನೂ ಇಳಿದೆ. ಬೆಂಚಿನವನಿಗೆ ಅಷ್ಟು ಸಾಕಾಯಿತು.

"ಏನು ಮಾಸ್ತರೇ, ಮತ್ತೆ ಇಳಿಯೋ ಹಾಗಾಯ್ತಾ?"

ಭಾವ ತಲೆ ಎತ್ತಲಿಲ್ಲ. ಆದರೆ ಗಾಡಿಯೊಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. "ಹೌದು. ನಾನು ಇಳಿದ್ರೇನೇ ಗಾಡಿ ಏಳೋದು."

ಬೆಂಚಿನವರು ನಕ್ಕರು. ಗಾಡಿ ಮೆಲ್ಲಗೆ ಹಂಪು ದಾಟಿ ಆಚೆ ನಿಂತಿತು. ಅಜ್ಜಿ ಗಾಜು ಇಳಿಸಿ, "ಬೇಗ ಹತ್ತೋ, ಅಕ್ಕ ಕಾಯ್ತಿರ್ತಾಳೆ" ಎಂದರು.