ಬಾಗಿಲು ಹಾಕಿಕೊಂಡು ಬರೆ ಎಂದವಳು

ಪಟ್ ಪಟ್ ಪಟ್ — ಜೋಳದ ರೊಟ್ಟಿ ಬಡಿಯುವ ಸದ್ದು. ಗೋಕಾಕಿನ ನಮ್ಮ ಮನೆಯ ಪಕ್ಕದ ಗೋಡೆಯಾಚೆಯಿಂದ ದಿನಾ ಬೆಳಿಗ್ಗೆ ಬರುತ್ತಿತ್ತು. ಅದನ್ನು ನಿಲ್ಲಿಸಿದವಳು ನಾನು. ಒಬ್ಬ ಕತೆಗಾರ್ತಿ ಮತ್ತೆಂದೂ ಬರೆಯದಂತೆ ಮಾಡಿದವಳು ನಾನು — ಸಲಹೆ ಕೊಡುವ ನೆಪದಲ್ಲಿ, ನಗುನಗುತ್ತ, ತಿಳಿದೂ ತಿಳಿದೂ.

ಅವಳ ಹೆಸರು ಕಲಾವತಿ. ಮೂಡಲಗಿಯ ಹುಡುಗಿ, ಏಳನೆಯ ಇಯತ್ತೆ ಮುಗಿಸಿ ಮದುವೆಯಾಗಿ ಬಂದವಳು. ಗಂಡನದು ಬೀಜ-ಗೊಬ್ಬರದ ಅಂಗಡಿ. ನಾನೋ ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು, ಓಣಿಯ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವವಳು. ಇಬ್ಬರಿಗೂ ಬರೆಯುವ ಹುಚ್ಚು. ಆದರೆ ಕತೆ ಬರುತ್ತಿದ್ದದ್ದು ಒಬ್ಬಳಿಗೆ ಮಾತ್ರ.

ಅವಳು ಮೊದಲು ಬರೆಯುತ್ತಿರಲಿಲ್ಲ, ಹೇಳುತ್ತಿದ್ದಳು. ಹಿಟ್ಟು ನಾದಿ, ಅಂಗೈ ಹಲಗೆಗೆ ಬಿತ್ತೆಂದರೆ ಕತೆ ಶುರು. ಕೈಯ ತಾಳಕ್ಕೆ ಮಾತು, ಮಾತಿನ ತಾಳಕ್ಕೆ ಕೈ. ಎಲ್ಲಿ ಕೈ ತಡವರಿಸಿತೋ ಆ ಮಾತನ್ನು ಬಿಟ್ಟುಬಿಡುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಹೊಸ್ತಿಲ ಬಳಿ ಕೂತು, ನೆನಪಿನಲ್ಲಿ ಉಳಿದಷ್ಟನ್ನೇ ಬರೆಯುವುದು. "ಮರತದ್ದು ಹೋಗ್ಲಿ ಬಿಡ್ರಿ ಅಕ್ಕಾರ, ಅದು ಜೊಳ್ಳು" ಅನ್ನುತ್ತಿದ್ದಳು.

ಕೇಳುವವರೊಬ್ಬರು ಎದುರಿಗೆ ಬೇಕಿತ್ತು. ಅದು ನಾನು. ಒಲೆಯ ಪಕ್ಕ ಮಣೆ ಹಾಕಿ, ಕೈಗೆ ಚಹಾ ಕೊಟ್ಟು ಕೂರಿಸುತ್ತಿದ್ದಳು. ಕತೆ ಮುಗಿದದ್ದೇ ನಾನು ಕುಡಿಯಲು ಮರೆತ ಬಟ್ಟಲಲ್ಲಿ ಬೆರಳು ಅದ್ದಿ ನೋಡಿ ನಗುತ್ತಿದ್ದಳು. "ನಿಮ್ಮ ಚಾ ಆರೇತಿ ಅಂದ್ರ ಕತಿ ಕೂಡೇತಿ ನೋಡ್ರಿ!"

ಹುಕ್ಕೇರಿ ಸಂತೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನ ಹತ್ತಿರದ ಸೀಟೇ ಬೇಕು ಅವಳಿಗೆ — ಎಲ್ಲರ ಜಗಳವೂ ಅಲ್ಲಿಗೇ ಬಂದು ಮುಟ್ಟುತ್ತದಂತೆ. ಪ್ರೀತಿಯ ಶಬ್ದ 'ಹಸನ'. ಜೋಳ ಹಸನ ಮಾಡುವುದು, ಮನಿ ಹಸನ ಇಡುವುದು, ಬಾಳು ಹಸನಾಗುವುದು — ಅವಳ ಕತೆಗಳಲ್ಲಿ ಅದು ಎಲ್ಲಿ ಬಂದರೂ ನನಗೆ ಮೈ ಜುಮ್ಮೆನ್ನುತ್ತಿತ್ತು. ನನ್ನ ಪ್ರೀತಿಯ ಶಬ್ದಗಳೋ — ಸಾಲಿಟ್ಯೂಡ್, ಮೆಲಂಕಲಿ. ನಾನು ಬರೆಯಲು ಕೂರುತ್ತಿದ್ದದ್ದೂ ಹಾಗೇ — ತೇಗದ ಮೇಜು, ಟೇಬಲ್ ಲ್ಯಾಂಪ್, ಮುಚ್ಚಿದ ಬಾಗಿಲು. ನನ್ನ ವಾಕ್ಯಗಳು ಇಸ್ತ್ರಿ ಮಾಡಿದ ಸೀರೆಗಳಂತಿದ್ದವು. ಉಟ್ಟವರು ಯಾರೂ ಇರಲಿಲ್ಲ. ಪತ್ರಿಕೆಗಳಿಗೆ ಕಳಿಸಿದ್ದೆಲ್ಲ ವಾಪಸು ಬರುತ್ತಿತ್ತು. ಅವಳದು ಅಚ್ಚಾಗುತ್ತಿತ್ತು.

ಒಮ್ಮೆ ಹುಕ್ಕೇರಿಯ ಒಂದು ಕಾಲೇಜಿನವರು ಅವಳನ್ನು ಕರೆದರು. ಜೊತೆಗೆ ನಾನೂ ಹೋದೆ. "ಮೇಡಂ, ನೀವು ಹೆಂಗ ಬರೀತೀರಿ?" ಎಂದು ಹುಡುಗಿಯೊಬ್ಬಳು ಕೇಳಿದಳು.

"ನಮ್ಮ ಅಕ್ಕಾರಿಗೆ ಹೇಳ್ಕೋತ ರೊಟ್ಟಿ ಬಡೀತೇನವಾ. ರೊಟ್ಟಿ ಹರದ್ರ ಕತಿನೂ ಹರೀತೈತಿ. ಅಕ್ಕಾರ, ಏಳ್ರಿ, ಎದ್ದ ನಿಂದರ್ರಿ!"

ಸಭೆ ನಕ್ಕು ಚಪ್ಪಾಳೆ ತಟ್ಟಿತು. ಕತೆ ಕೇಳಿದ್ದಕ್ಕಾಗಿ ನನಗೆ ಚಪ್ಪಾಳೆ! ನಾನು ಕೈ ಮುಗಿದೆ, ಮುಗುಳ್ನಕ್ಕೆ. ಒಳಗೆ — ಜೆಲಸಿ ಎಂದು ಬರೆಯಹೊರಟಿದ್ದೆ. ಇಂಗ್ಲಿಷಿನಲ್ಲಿ ಹೇಳಿದರೆ ಪಾಪ ಸಣ್ಣದಾಗಿ ಕೇಳಿಸುತ್ತದೆ. ಹೊಟ್ಟೆಕಿಚ್ಚು. ಅದು ಹೊಟ್ಟೆಕಿಚ್ಚೇ.

ಆ ಮಳೆಗಾಲ ಕಳೆದ ಮೇಲೆ ಧಾರವಾಡದ ಪ್ರಕಾಶಕರೊಬ್ಬರು ಅವಳಿಂದ ಕಾದಂಬರಿ ಕೇಳಿದರು. ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಅಕ್ಕಾರ, ಅಷ್ಟ ಉದ್ದಂದು ರೊಟ್ಟಿ ಬಡ್ಕೋತ ಆಗತೈತೇನ್ರಿ? ದೊಡ್ಡ ದೊಡ್ಡ ಲೇಖಕರು ಹೆಂಗ ಬರೀತಾರ? ನೀವು ಇಂಗ್ಲಿಷ್ ಬುಕ್ ಓದಿದವರು, ಹೇಳ್ರಿ."

ಆಗತೈತಿ ಕಲಾವತಿ, ಯಾಕ ಆಗೂದಿಲ್ಲ, ನಾಳೆ ಬೆಳಿಗ್ಗೆ ಮಣೆ ಹಾಕು — ಇಷ್ಟು ಹೇಳಿದ್ದರೆ ಸಾಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನು ಹೇಳಿದ್ದು —

"ಅಡಿಗಿಮನ್ಯಾಗ ಕಾದಂಬರಿ ಆಗೂದಿಲ್ಲ. ಸೀರಿಯಸ್ ರೈಟರ್ಸ್ ಯಾರ ಮುಂದನೂ ಬಾಯಿ ಬಿಡೂದಿಲ್ಲ. ಡಿಸಿಪ್ಲಿನ್ ಬೇಕು. ಒಂದು ಮೇಜು ತರಸು, ಬಾಗಲಾ ಹಾಕ್ಕೊಂಡು ಬರಿ. ಮುಗಿಯೂತನಕ ಯಾರಿಗೂ ಹೇಳಬ್ಯಾಡ."

"ನಿಮಗೂ?"

"ನನಗೂ."

ನನ್ನ ಒಂದೊಂದು ಕತೆಯನ್ನೂ ಕೊಂದ ಅಭ್ಯಾಸವನ್ನೇ ಅವಳ ಕೈಗಿಟ್ಟೆ. ಅದು ಏನು ಮಾಡುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಅವಳು ಮೇಜು ತರಿಸಿದಳು. ಬೆಳಗಿನ ಹೊತ್ತು ಬರೆಯಲಿಕ್ಕೆಂದು ರೊಟ್ಟಿಯನ್ನು ಮಾರುವವರಿಂದ ಕೊಳ್ಳತೊಡಗಿದಳು. ಗೋಡೆಯಾಚೆ ಸದ್ದು ನಿಂತಿತು. ನಾನು ನನ್ನ ಮನೆಯಲ್ಲಿ ಕೂತು ಚಹಾವನ್ನು ಬಿಸಿಬಿಸಿಯಾಗಿ ಕುಡಿಯುತ್ತಿದ್ದೆ — ಕುಡಿಯುತ್ತ, ಆ ಮೌನಕ್ಕೆ ಕಿವಿಗೊಟ್ಟು... ಸಂತೋಷವೇ ಆಗುತ್ತಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಬೇಸಿಗೆಯ ಹೊತ್ತಿಗೆ ಪ್ರಕಾಶಕರು ಕೇಳುವುದನ್ನು ಬಿಟ್ಟರು. ಒಂದು ದಿನ ನಮ್ಮ ಮೆಟ್ಟಿಲ ಮೇಲೆ ಬಂದು ಕೂತಳು. "ಗ್ವಾಡಿ ನೋಡ್ಕೋತ ಕುಂದರತೇನ್ರಿ. ಒಂದ ಮಾತೂ ಬರವಲ್ದು. ನೀವು ಹೇಳಿದ್ದು ಖರೆ ಐತಿ ಅಕ್ಕಾರ, ನನಗ ಡಿಸಿಪ್ಲಿನ್ ಇಲ್ಲ." ಅವಳ ಬಾಯಲ್ಲಿ ನನ್ನ ಶಬ್ದ. ಮಣೆ ಹಾಕು, ನನಗೆ ಹೇಳು ಎಂದಿದ್ದರೆ ಆಗಲೂ ಆ ಬಾಗಿಲು ತೆರೆಯುತ್ತಿತ್ತು. "ಟ್ರೈ ಮಾಡು" ಎಂದೆ.

ಆಮೇಲೆ ಅವರು ಅಂಗಡಿ ಎತ್ತಿಕೊಂಡು ಮೂಡಲಗಿಗೆ ಹೋದರು. ಅವಳು ಮತ್ತೆ ಬರೆಯಲಿಲ್ಲ. ನಾನೂ ಮತ್ತೆ ಕತೆ ಬರೆಯಲಿಲ್ಲ, ಅದರಿಂದ ಯಾರಿಗೂ ನಷ್ಟವಿಲ್ಲ.

ಎಷ್ಟೋ ವರ್ಷಗಳ ಮೇಲೆ, ಕಳೆದ ಚಳಿಗಾಲ, ಮೂಡಲಗಿಗೆ ಒಂದು ಮದುವೆಗೆ ಹೋಗಿದ್ದೆ. ಎಲ್ಲ ಹೇಳಿಬಿಡಬೇಕೆಂದೇ ಅವಳ ಮನೆ ಹುಡುಕಿಕೊಂಡು ಹೋದೆ. ಮಾತು ಮೊಣಕಾಲು ನೋವಿನಲ್ಲಿ, ಬಿಪಿ ಗುಳಿಗೆಯಲ್ಲಿ ಕಳೆದುಹೋಯಿತು. ಬಸ್ ಸ್ಟ್ಯಾಂಡಿನ ತನಕ ನನ್ನ ಕೈ ಹಿಡಿದುಕೊಂಡೇ ಬಂದಳು, ಬಸ್ಸು ಹತ್ತಿಸಿದಳು, ಅಲ್ಲೇ ಸಿಮೆಂಟಿನ ಬೆಂಚಿನ ಮೇಲೆ ಕೂತಳು.

ಬಸ್ಸು ಇನ್ನೂ ಹೊರಟಿರಲಿಲ್ಲ, ಎಂಜಿನ್ ಮಾತ್ರ ಗುಡುಗುತ್ತಿತ್ತು. ಕಿಟಕಿಯಿಂದ ನೋಡಿದೆ. ನಾನು ನೋಡುತ್ತಿಲ್ಲವೆಂದುಕೊಂಡು, ತೊಡೆಯ ಮೇಲಿದ್ದ ಚೀಲವನ್ನು ಅಂಗೈಯಿಂದ ಮೆಲ್ಲಗೆ ಬಡಿಯುತ್ತಿದ್ದಳು. ತುಟಿಗಳು ಅಲುಗುತ್ತಿದ್ದವು. ನನಗೇನೂ ಕೇಳಿಸಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಚಾಚಿದೆ —

ಆಗ ಅವಳು ನನ್ನನ್ನು ಕಂಡಳು. ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಕೈ ನಿಲ್ಲಿಸಿ, ಸೆರಗಿನೊಳಗೆ ಮುಚ್ಚಿಕೊಂಡಳು.